ಪಾತಾಳಗರಡಿಯೇ ಬಾವಿಗೆ ಬಿದ್ದರೆ?

ಮಕ್ಕಳೇ, ಈ ವಾರ ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಅಜ್ಜಿಯನ್ನೋ ತಾತನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ‘ಪಾತಾಳಗರಡಿ ಅಂದರೆ ಏನು?’ ಎಂದು ಕೇಳಿ. ಉತ್ತರ ಬರುವ ತನಕ ನಾನು ಕಾಯುತ್ತೇನೆ.

ಕೇಳಿದಿರಾ? ಬಾವಿಯಿಂದ ನೀರು ಸೇದುವ ಕಾಲದಲ್ಲಿ ಹಗ್ಗ ಹರಿದೋ ಕುಣಿಕೆ ಸಡಿಲವಾಗಿಯೋ ಕೊಡ ಒಳಗೆ ಬಿದ್ದುಬಿಡುತ್ತಿತ್ತು. ಆಗ ಸುತ್ತಲೂ ಕೊಕ್ಕೆಗಳಿದ್ದ ಒಂದು ಕಬ್ಬಿಣದ ಸಾಧನವನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಸುತ್ತಿದ್ದರು. ಮೆಲ್ಲಗೆ ಅತ್ತಿತ್ತ ಆಡಿಸುತ್ತಾ ಇದ್ದರೆ ಯಾವುದೋ ಒಂದು ಕೊಕ್ಕೆಗೆ ಕೊಡದ ಕಂಠ ಸಿಕ್ಕಿಕೊಳ್ಳುತ್ತಿತ್ತು. ಅದೇ ಪಾತಾಳಗರಡಿ. ಅದು ಎಲ್ಲರ ಮನೆಯಲ್ಲೂ ಇರುತ್ತಿರಲಿಲ್ಲ. ಕೊಡ ಬೀಳಿಸಿಕೊಂಡವರು ಇದ್ದವರ ಮನೆಗೆ ಹೋಗಿ ಕೇಳಿ ತರುತ್ತಿದ್ದರು.

ಈಗ ಎರಡನೆಯ ಪ್ರಶ್ನೆ. ಬಿದ್ದದ್ದನ್ನು ಎತ್ತುವ ಆ ಪಾತಾಳಗರಡಿಯೇ ಬಾವಿಗೆ ಬಿದ್ದರೆ ಏನು ಮಾಡುವುದು?

ತಮಾಷೆಗೆ ಕೇಳುತ್ತಿಲ್ಲ. ಸರಿಯಾಗಿ ಇದೇ ಪೇಚಿಗೆ ಸಿಕ್ಕಿದ ಒಂದು ಕಂಪ್ಯೂಟರಿನ ಕಥೆಯನ್ನು ಇವತ್ತು ಹೇಳುತ್ತೇನೆ. ನಡೆದದ್ದು 1986ರ ಅಕ್ಟೋಬರ್ 1ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ. ಆ ದಿನ ಅಲ್ಲಿದ್ದ ಮಾರಿಯೋ ವೋಲ್ಚ್ಕೊ ಎಂಬ ಕಂಪ್ಯೂಟರ್ ವಿಜ್ಞಾನಿ ನಡೆದದ್ದನ್ನು ಬರೆದಿಟ್ಟರು. ಕಂಪ್ಯೂಟರ್ ಕೋಣೆಗಳಲ್ಲಿ ಕೆಲಸ ಮಾಡುವವರು ಇಂದಿಗೂ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆ ಇದು. ನಾನೂ ಆ ಕೆಲಸದಲ್ಲಿದ್ದಾಗ ಹೊಸಬರಿಗೆಲ್ಲ ಇದನ್ನು ಹೇಳುತ್ತಿದ್ದೆ.

ಒಂದು ಒಲೆ, ಹಲವು ಎಲೆ

ಮ್ಯಾಂಚೆಸ್ಟರ್ ಎಂದರೆ ಬಟ್ಟೆ ಗಿರಣಿಗಳ ಊರೆಂದು ತಾತಂದಿರಿಗೆ ಗೊತ್ತು. ಕಂಪ್ಯೂಟರಿನ ಚರಿತ್ರೆಯಲ್ಲಿಯೂ ಅದು ದೊಡ್ಡ ಊರೇ. ತನ್ನ ನೆನಪಿನಲ್ಲೇ ಪ್ರೋಗ್ರಾಂ ಇಟ್ಟುಕೊಂಡು ಅದರಂತೆ ನಡೆಯುವ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಓಡಿದ್ದು 1948ರ ಜೂನ್ 21ರಂದು, ಅಲ್ಲಿಯೇ. ಅದರ ಮುದ್ದಿನ ಹೆಸರು ‘ಬೇಬಿ’.

1986ರ ಹೊತ್ತಿಗೆ ಅಲ್ಲಿಯ ಕಂಪ್ಯೂಟರ್ ವಿಭಾಗದಲ್ಲಿ ವ್ಯಾಕ್ಸ್ ಎಂಬ ಯಂತ್ರಗಳಿದ್ದವು. ಇಂದಿನಂತೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಂಪ್ಯೂಟರ್ ಇರುವ ಕಾಲ ಅದಲ್ಲ. ಯಂತ್ರ ಒಂದೇ. ಅದರಿಂದ ತಂತಿ ಎಳೆದು ಬೇರೆ ಬೇರೆ ಕೋಣೆಗಳಲ್ಲಿ ಪರದೆ ಮತ್ತು ಕೀಲಿಮಣೆ ಇಟ್ಟಿರುತ್ತಿದ್ದರು. ಹತ್ತಾರು ಜನ ಒಟ್ಟಿಗೆ ಅದೇ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದರು. ಒಟ್ಟು ಕುಟುಂಬದ ಅಡುಗೆಮನೆ ಇದ್ದ ಹಾಗೆ: ಒಲೆ ಒಂದು, ಎಲೆ ಹಲವು. ಹೀಗೆ ಹಲವರಿಗೆ ಬಡಿಸುವ ಕಂಪ್ಯೂಟರನ್ನು ಸರ್ವರ್ ಎನ್ನುತ್ತಾರೆ. 

ಆ ಯಂತ್ರವನ್ನು ನಡೆಸುತ್ತಿದ್ದ ವ್ಯವಸ್ಥೆಯ ಹೆಸರು ಯುನಿಕ್ಸ್. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದನ್ನು ಶುರುಮಾಡಿದರು. ‘ನಮಗೂ ಅದಕ್ಕೂ ಏನು ಸಂಬಂಧ?’ ಎನ್ನಬೇಡಿ. ನಿಮ್ಮ ತಾತನ ಆಂಡ್ರಾಯ್ಡ್ ಫೋನಿನೊಳಗೆ ಇರುವ ಲಿನಕ್ಸ್ ಯುನಿಕ್ಸ್‌ನ ಮಾದರಿಯಲ್ಲಿಯೇ ಬರೆದದ್ದು. ಹೀಗಾಗಿ ದೂರದ ನೆಂಟಸ್ತಿಕೆ ಇದ್ದೇ ಇದೆ.

ಆ ಬುಧವಾರ ವ್ಯಾಕ್ಸ್‌ನ ಹೊಟ್ಟೆಯಲ್ಲಿ ಬಹಳ ಬೆಲೆಬಾಳುವ ವಸ್ತು ಇತ್ತು. ಹಲವು ವರ್ಷ ಸಂಶೋಧನೆ ಮಾಡಿ ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳ ಬರಹ ಅದು. ಕೆಲವರದು ಮುಗಿಯುವ ಹಂತಕ್ಕೆ ಬಂದಿತ್ತು. 

ಅಕ್ಷರಮಾಲೆಯ ಕ್ರಮದಲ್ಲಿ ಬಂದ ಆಪತ್ತು

ಯುನಿಕ್ಸ್‌ನಲ್ಲಿ ಇರುವ ಎಲ್ಲ ಫೈಲುಗಳೂ ಒಂದೇ ಮರದ ಕೊಂಬೆ ರೆಂಬೆಗಳು. ಬುಡಕ್ಕೆ ‘ರೂಟ್’, ಅಂದರೆ ಬೇರು ಎಂದೇ ಹೆಸರು. ಬುಡದಿಂದ ಹೊರಟ ದೊಡ್ಡ ಕೊಂಬೆಗಳಲ್ಲಿ ಕೆಲವನ್ನು ನೋಡಿ.

‘ಬಿನ್’ ಎಂಬುದರಲ್ಲಿ ದಿನಬಳಕೆಯ ಉಪಕರಣಗಳಿವೆ. ಫೈಲುಗಳ ಪಟ್ಟಿ ತೋರಿಸುವುದು, ನಕಲು ಮಾಡುವುದು, ಹೆಸರು ಬದಲಿಸುವುದು, ಎಲ್ಲದಕ್ಕೂ ಒಂದೊಂದು ಪುಟ್ಟ ಪ್ರೋಗ್ರಾಂ. ‘ಡೆವ್’ ಎಂಬುದು ಯಂತ್ರಕ್ಕೆ ಜೋಡಿಸಿದ ಡಿಸ್ಕು, ಟೇಪು ಮೊದಲಾದ ಸಾಧನಗಳಿಗೆ ಹೋಗುವ ಬಾಗಿಲುಗಳ ಸಾಲು. ‘ಎಟ್ಸಿ’ ಎಂದರೆ ಇತ್ಯಾದಿ. ಯಾರು ಯಾರಿಗೆ ಒಳಗೆ ಪ್ರವೇಶ, ಪಕ್ಕದ ಕಂಪ್ಯೂಟರುಗಳ ವಿಳಾಸವೇನು ಎಂಬ ವಿವರವೆಲ್ಲ ಅಲ್ಲಿ. ಮೇಲ್ವಿಚಾರಕರ ಕೆಲವು ಉಪಕರಣಗಳೂ ಅಲ್ಲಿಯೇ. ‘ಯೂಸರ್ಸ್’ ಎಂಬುದರಲ್ಲಿ ಜನರ ಸ್ವಂತ ಬರಹ. ಪಿಎಚ್‌ಡಿ ಪ್ರಬಂಧಗಳಿದ್ದದ್ದು ಇಲ್ಲಿ.

ಅಳಿಸುವುದಕ್ಕೆ ‘ಆರ್‌ಎಂ’ ಎಂಬ ಎರಡಕ್ಷರದ ಆಜ್ಞೆ ಇದೆ. ಅದರ ಮುಂದೆ ಇನ್ನೆರಡು ಅಕ್ಷರ ಸೇರಿಸಿದರೆ, ‘ಒಳಗಿನ ಒಳಗಿರುವುದನ್ನೂ ಅಳಿಸು, ನನ್ನನ್ನು ಏನೂ ಕೇಳಬೇಡ’ ಎಂದು ಅರ್ಥ. ಕೊನೆಗೆ ಒಂದು ನಕ್ಷತ್ರದ ಗುರುತು ಹಾಕಿದರೆ ‘ಇಲ್ಲಿರುವುದೆಲ್ಲ’ ಎಂದು. ಯಂತ್ರದ ಮೇಲ್ವಿಚಾರಕ ಈ ಆಜ್ಞೆ ಕೊಟ್ಟರೆ ಯುನಿಕ್ಸ್ ‘ಖಂಡಿತಾ ಅಳಿಸಲೇ?’ ಎಂದು ಕೇಳುತ್ತಿರಲಿಲ್ಲ. ಯಜಮಾನರು ಹೇಳಿದ ಮೇಲೆ ತಿಳಿದೇ ಹೇಳಿರುತ್ತಾರೆ ಎಂಬ ನಂಬಿಕೆ ಅದಕ್ಕೆ.

ಆ ಮಧ್ಯಾಹ್ನ ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಯುವಕ ಮೇಲ್ವಿಚಾರಕನ ಅಧಿಕಾರದಲ್ಲಿ, ಮರದ ಬುಡದಲ್ಲಿಯೇ ನಿಂತು, ಈ ಆಜ್ಞೆ ಕೊಟ್ಟುಬಿಟ್ಟ.

ಯಂತ್ರ ಅಳಿಸುವುದಕ್ಕೆ ಹೊರಟದ್ದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಮಕ್ಕಳೇ, ನೀವೂ ಬೆರಳು ಮಡಚುತ್ತಾ ಬನ್ನಿ. ‘ಬಿ’ಯಿಂದ ಶುರುವಾಗುವ ಬಿನ್ ಹೋಯಿತು. ‘ಡಿ’ಯ ಡೆವ್ ಹೋಯಿತು. ‘ಇ’ಯ ಎಟ್ಸಿ ಹೋಯಿತು. ‘ಎಲ್’ ಅಕ್ಷರದ ಲಿಬ್ ಹೋಯಿತು. ‘ಎನ್’ ಅಕ್ಷರದ ನ್ಯೂಸ್ ಎಂಬ ಕೊಂಬೆಯೊಳಗೆ ಇಳಿದಿದ್ದಾಗ ಆ ಯುವಕ ಎಚ್ಚೆತ್ತು ಆಜ್ಞೆಯನ್ನು ತಡೆದ. ಹಾಗಾಗಿ ‘ಯು’ ಅಕ್ಷರದ ಯೂಸರ್ಸ್‌ವರೆಗೆ ಅದು ತಲುಪಲಿಲ್ಲ. ಪ್ರಬಂಧಗಳು ಉಳಿದದ್ದು ಅವುಗಳ ಕೊಂಬೆಯ ಹೆಸರು ಅಕ್ಷರಮಾಲೆಯ ಕೊನೆಯ ಕಡೆ ಇತ್ತು ಎಂಬ ಒಂದೇ ಕಾರಣದಿಂದ!

ಆದರೆ ಉಳಿದದ್ದು ಸಿಗಬೇಕಲ್ಲ? ಮನೆಯೊಳಗೆ ಬೆಲೆಬಾಳುವ ಒಡವೆ ಇದೆ. ಬಾಗಿಲು, ಬೀಗದಕೈ, ದೀಪ ಯಾವುದೂ ಇಲ್ಲ. ಹಾಗಾಗಿತ್ತು ಸ್ಥಿತಿ.

ಪುಸ್ತಕ ಸುಟ್ಟರೂ ಸಾರು ಕುದಿಯುತ್ತಿತ್ತು

ಮಧ್ಯಾಹ್ನ ಮೂರೂಕಾಲಿಗೆ ವೋಲ್ಚ್ಕೊ ಅವರ ಪಕ್ಕದಲ್ಲಿದ್ದವರು ‘ಪತ್ರ ಕಳಿಸಲು ಆಗುತ್ತಿಲ್ಲವಲ್ಲ’ ಎಂದರು. ಇವರು ಹೋಗಿ ನೋಡಿದರೆ ಬಳಕೆದಾರರ ಪಟ್ಟಿಯೇ ಇಲ್ಲ. ಫೈಲುಗಳ ಪಟ್ಟಿ ತೋರಿಸೆಂದರೆ ಪಟ್ಟಿ ತೋರಿಸುವ ಉಪಕರಣವೇ ಇಲ್ಲ. ಮೇಲ್ವಿಚಾರಕರ ಕೋಣೆಗೆ ಹೋದರೆ ಅವರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಪರದೆಯ ಮೇಲಿನ ಸಾಲು ನೋಡಿದಾಗ ಎಲ್ಲ ತಿಳಿಯಿತು.

ಇಲ್ಲೊಂದು ಸೋಜಿಗ ಇದೆ. ಇಷ್ಟೆಲ್ಲ ಅಳಿಸಿಹೋದರೂ ಯಂತ್ರ ನಿಲ್ಲಲಿಲ್ಲ! ಯಾಕೆಂದರೆ ಆಗಲೇ ನಡೆಯುತ್ತಿದ್ದ ಪ್ರೋಗ್ರಾಂಗಳು ಯಂತ್ರದ ನೆನಪಿನಲ್ಲಿ ಕೂತಿದ್ದವು. ಅಡುಗೆ ಪುಸ್ತಕ ಸುಟ್ಟುಹೋದರೂ ಒಲೆಯ ಮುಂದೆ ನಿಂತಿರುವ ಅಜ್ಜಿ ಸಾರು ಮುಗಿಸುವುದಿಲ್ಲವೇ? ಹಾಗೆ. ಹೊಸದಾಗಿ ಯಾರೂ ಒಳಗೆ ಬರುವಂತಿರಲಿಲ್ಲ, ಆದರೆ ಒಳಗಿದ್ದವರು ಇದ್ದರು.

ಕಂಪ್ಯೂಟರ್ ಕೆಟ್ಟರೆ ನಾವೆಲ್ಲ ಮೊದಲು ಮಾಡುವುದೇನು? ಆಫ್ ಮಾಡಿ ಆನ್ ಮಾಡುವುದು. ಅವರಿಗೂ ಮೊದಲು ಅದೇ ಹೊಳೆಯಿತು. ಆದರೆ ಮಾಡಲಿಲ್ಲ. ಮಾಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಯಂತ್ರ ಮತ್ತೆ ಏಳಬೇಕಾದರೆ ಬೇಕಾದ ಪ್ರೋಗ್ರಾಂಗಳೇ ಅಳಿದ ಕೊಂಬೆಗಳಲ್ಲಿದ್ದವು. ಅಜ್ಜಿಯನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದ್ದರೆ ಪುಸ್ತಕವೂ ಇಲ್ಲ, ಬಲ್ಲವರೂ ಇಲ್ಲ. ತಾಳಿದವನು ಬಾಳಿಯಾನು ಎಂಬ ಮಾತು ಕಂಪ್ಯೂಟರಿಗೂ ಸಲ್ಲುತ್ತದೆ.

ಒಂದರ ಹಿಂದೆ ಒಂದು ಮುಚ್ಚಿದ ಬಾಗಿಲು

‘ಬ್ಯಾಕಪ್ ಇರಲಿಲ್ಲವೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಬ್ಯಾಕಪ್ ಎಂದರೆ ಆಪತ್ತಿಗೆ ಇರಲಿ ಎಂದು ತೆಗೆದಿಡುವ ನಕಲು. ಇತ್ತು. ಜನರ ಸ್ವಂತ ಬರಹದ ನಕಲನ್ನು ಪ್ರತಿ ಗುರುವಾರ ಟೇಪಿಗೆ ಇಳಿಸುತ್ತಿದ್ದರು. ಈ ಅನಾಹುತ ಆದದ್ದು ಬುಧವಾರ! ಡಿಸ್ಕನ್ನೇ ಹೊಸದಾಗಿ ಮಾಡಿದರೆ ಎಲ್ಲರ ಸುಮಾರು ಒಂದು ವಾರದ ಬರಹ ಹೋಗುತ್ತಿತ್ತು. ಪ್ರಬಂಧ ಮುಗಿಸುವ ಗಡಿಬಿಡಿಯಲ್ಲಿದ್ದವರಿಗೆ ಅದು ಸಣ್ಣ ನಷ್ಟವಲ್ಲ.

ಅಳಿಸಿಹೋದ ಬುಡದ ಕೊಂಬೆಗಳ ಟೇಪೂ ಕಪಾಟಿನಲ್ಲಿ ಸಿಕ್ಕಿತು. ಅದು ನಾಲ್ಕು ವಾರದಷ್ಟು ಹಳೆಯದು. ಪರವಾಗಿಲ್ಲ, ಉಪಕರಣಗಳು ವಾರವಾರ ಬದಲಾಗುವುದಿಲ್ಲ. ಆದರೆ ಟೇಪಿನಿಂದ ಮರಳಿ ತುಂಬುವ ಪ್ರೋಗ್ರಾಂ ಎಲ್ಲಿತ್ತು? ಎಟ್ಸಿಯಲ್ಲಿ. ಅದು ಹೋಗಿತ್ತು. ಟೇಪ್ ಯಂತ್ರಕ್ಕೆ ಹೋಗುವ ಬಾಗಿಲು? ಡೆವ್‌ನಲ್ಲಿ. ಅದೂ ಹೋಗಿತ್ತು. ಹೊಸ ಬಾಗಿಲು ಕೊರೆಯುವ ಪ್ರೋಗ್ರಾಂ? ಅದೂ ಎಟ್ಸಿಯಲ್ಲಿಯೇ ಇದ್ದದ್ದು!

ಕೊಡ ಎತ್ತುವ ಪಾತಾಳಗರಡಿಯೇ ಬಾವಿಗೆ ಬಿದ್ದಿತ್ತು.

ಹಾಗಾದರೆ ಪಕ್ಕದ ಮನೆಯಿಂದ ತರೋಣ. ಇನ್ನೊಂದು ವ್ಯಾಕ್ಸ್ ಹತ್ತಿರದಲ್ಲೇ ಇತ್ತು. ಎರಡರ ನಡುವೆ ಈಥರ್‌ನೆಟ್ ಎಂಬ ಜಾಲದ ತಂತಿಯೂ ಇತ್ತು. ಆದರೆ ಜಾಲದ ಮೂಲಕ ನಕಲು ತರುವ ಉಪಕರಣ ಬಿನ್‌ನಲ್ಲಿತ್ತು; ಅದು ಹೋಗಿತ್ತು. ‘ಎಫ್‌ಟಿಪಿ’ ಎಂಬ ಇನ್ನೊಂದು ಉಪಕರಣ ಬೇರೆ ಕೊಂಬೆಯಲ್ಲಿ ಉಳಿದಿತ್ತು. ಅದನ್ನು ಎಬ್ಬಿಸಿದರೆ, ‘ಪಕ್ಕದ ಮನೆಯ ವಿಳಾಸ ಬರೆದ ಪಟ್ಟಿ ಎಟ್ಸಿಯಲ್ಲಿ ಇಲ್ಲವಲ್ಲ’ ಎಂದು ಕೂತುಬಿಟ್ಟಿತು. ಪಟ್ಟಿಯನ್ನು ನಾವೇ ಬರೆಯೋಣ ಎಂದರೆ ಇಡುವುದಕ್ಕೆ ಎಟ್ಸಿ ಎಂಬ ಕೊಂಬೆಯೇ ಇಲ್ಲ. ಹೊಸ ಕೊಂಬೆ ಮಾಡುವ ಉಪಕರಣ ಬಿನ್‌ನಲ್ಲಿತ್ತು. ಅದನ್ನು ಹೊಸದಾಗಿ ಬರೆಯೋಣ ಎಂದರೆ ಪ್ರೋಗ್ರಾಂ ತಯಾರಿಸುವ ಉಪಕರಣಗಳೂ ಮಾಯ.

ಇಂಥ ಹೊತ್ತಿನಲ್ಲಿ ಜಾಣರು ಏನು ಮಾಡುತ್ತಾರೆ ನೋಡಿ. ಇಲ್ಲದ್ದರ ಪಟ್ಟಿ ಮಾಡಿ ಅಳುವುದನ್ನು ಬಿಟ್ಟು ಇರುವುದರ ಪಟ್ಟಿ ಮಾಡುತ್ತಾರೆ. ಅವರ ಹತ್ತಿರ ಇದ್ದದ್ದು ಇಷ್ಟು. ವೋಲ್ಚ್ಕೊ ಅವರ ಪರದೆಯಲ್ಲಿ ಮೊದಲೇ ತೆರೆದಿದ್ದ ‘ಈಮ್ಯಾಕ್ಸ್’ ಎಂಬ ಬರವಣಿಗೆಯ ಪ್ರೋಗ್ರಾಂ. ಆಜ್ಞೆ ಕೊಟ್ಟ ಆ ಯುವಕನ ಪರದೆ. ಅದರಲ್ಲಿ ಮೇಲ್ವಿಚಾರಕನ ಅಧಿಕಾರ ಇನ್ನೂ ಚಾಲ್ತಿಯಲ್ಲಿತ್ತು. ಒಮ್ಮೆ ಹೊರಬಂದಿದ್ದರೆ ಮತ್ತೆ ಒಳಹೋಗುವುದು ಆಗದ ಮಾತು. ಮತ್ತೆ, ವ್ಯಾಕ್ಸ್ ಯಂತ್ರದ ತಾಯಿನುಡಿಯಂತಿರುವ ಅಸೆಂಬ್ಲಿ ಭಾಷೆ ಬಲ್ಲ ಒಬ್ಬ ಗೆಳೆಯ.

ಎಪ್ಪತ್ತಾರು ಬೈಟು

ಬೇಕಾದದ್ದು ಒಂದೇ ಒಂದು ಕೆಲಸ ಮಾಡುವ ಪ್ರೋಗ್ರಾಂ: ಎಟ್ಸಿ ಎಂಬ ಖಾಲಿ ಕೊಂಬೆಯನ್ನು ಮೂಡಿಸುವುದು. ಅದನ್ನು ಆ ಗೆಳೆಯರು ಪಕ್ಕದ ವ್ಯಾಕ್ಸ್‌ನಲ್ಲಿ ಸುಮಾರು ಒಂದು ಗಂಟೆ ಕೂತು ಸಿದ್ಧಮಾಡಿದರು. ಹತ್ತು ಹನ್ನೆರಡು ಸಾಲಿನ ಬರಹ. ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಂದಾಗ ಅದರ ತೂಕ ಎಷ್ಟು ಗೊತ್ತೇ? ಕೇವಲ 76 ಬೈಟು! ಇಂದು ನಿಮ್ಮ ಫೋನಿನಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಸಾಮಾನ್ಯವಾಗಿ 3 ಬೈಟು ಬೇಕು. ಅಂದರೆ 25 ಚಿಹ್ನೆಗಳ ಒಂದು ಪುಟ್ಟ ವಾಕ್ಯದಷ್ಟು ದೊಡ್ಡದು ಅದು.

ಜಾಲ ಸತ್ತಿದ್ದರಿಂದ ಆ 76 ಬೈಟುಗಳನ್ನು ದಾಟಿಸುವುದು ಹೇಗೆ? ಕೈಯಿಂದ! ಒಂದೊಂದು ಬೈಟನ್ನೂ ಎರಡೆರಡು ಗುರುತುಗಳಾಗಿ ಬರೆದುಕೊಂಡರು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ, ಜೊತೆಗೆ ಇಂಗ್ಲಿಷಿನ ಮೊದಲ ಆರು ಅಕ್ಷರ, ಹೀಗೆ ಹದಿನಾರು ಗುರುತು. ಒಟ್ಟು 152 ಗುರುತುಗಳನ್ನು ತೆರೆದಿದ್ದ ಈಮ್ಯಾಕ್ಸ್‌ನಲ್ಲಿ ಬೆರಳಚ್ಚು ಮಾಡಿದರು. ಒಂದು ಗುರುತು ತಪ್ಪಿದರೂ ಕೆಟ್ಟಿತು. ಅದನ್ನು ಪರೀಕ್ಷಿಸಲು ಉಳಿದಿದ್ದ ಇನ್ನೊಂದು ಉಪಕರಣ ನೆರವಾಯಿತು. ಅಂಗಡಿಯ ಚೀಟಿಯನ್ನು ಮನೆಯಲ್ಲಿ ಇನ್ನೊಮ್ಮೆ ಕೂಡಿ ನೋಡುತ್ತೀರಲ್ಲ, ಹಾಗೆ ಅದು ಫೈಲಿನ ಎಲ್ಲ ಬೈಟುಗಳನ್ನು ಕೂಡಿ ಒಂದು ಮೊತ್ತ ಹೇಳುತ್ತದೆ. ಅಲ್ಲಿಯ ಮೊತ್ತ ಮತ್ತು ಇಲ್ಲಿಯ ಮೊತ್ತ ತಾಳೆಯಾಯಿತು.

ಇನ್ನೊಂದು ತೊಡಕು ಬಂತು. ‘ಇದು ಓದುವ ಫೈಲಲ್ಲ, ನಡೆಸುವ ಫೈಲು’ ಎಂಬ ಮುದ್ರೆ ಒತ್ತಿದರೆ ಮಾತ್ರ ಯುನಿಕ್ಸ್ ಪ್ರೋಗ್ರಾಮನ್ನು ಓಡಿಸುತ್ತದೆ. ಮುದ್ರೆ ಒತ್ತುವ ಉಪಕರಣವೂ ಅಳಿಸಿಹೋಗಿತ್ತು. ಸ್ವಲ್ಪ ಯೋಚಿಸಿದ ಮೇಲೆ ಉಪಾಯ ಹೊಳೆಯಿತು. ಮೊದಲೇ ಮುದ್ರೆ ಇದ್ದ ಯಾವುದೋ ಹಳೆಯ ಪ್ರೋಗ್ರಾಮಿನ ಒಳಗಿನದನ್ನು ತೆಗೆದು, ಅದರ ಜಾಗದಲ್ಲಿ ಈ 76 ಬೈಟು ಸುರಿದರು. ಡಬ್ಬದ ಮೇಲಿನ ಚೀಟಿ ಹಾಗೇ ಇರಲಿ, ಒಳಗಿನ ಹಿಟ್ಟು ಮಾತ್ರ ಬದಲಾಯಿಸು ಎಂದಂತೆ.

ಆಮೇಲೆ ಮೇಲ್ವಿಚಾರಕನ ಅಧಿಕಾರವಿದ್ದ ಪರದೆಯಲ್ಲಿ ಅದನ್ನು ಓಡಿಸಿದರು. ಮರದ ಬುಡದಲ್ಲಿ ಎಟ್ಸಿ ಎಂಬ ಖಾಲಿ ಕೊಂಬೆ ಚಿಗುರಿತು!

ಅಲ್ಲಿಂದ ಮುಂದೆ ಸಲೀಸು. ಬಳಕೆದಾರರ ಪಟ್ಟಿ, ಪಕ್ಕದ ಯಂತ್ರಗಳ ವಿಳಾಸ ಮೊದಲಾದವನ್ನು ಈಮ್ಯಾಕ್ಸ್‌ನಲ್ಲಿ ಕೈಯಾರೆ ಬರೆದು ಅಲ್ಲಿಟ್ಟರು. ಎಫ್‌ಟಿಪಿ ಎದ್ದು ಕೂತಿತು. ಜಾಲದ ಮೂಲಕ ಪಕ್ಕದ ವ್ಯಾಕ್ಸ್‌ನಿಂದ ಬಿನ್‌ನ ಉಪಕರಣಗಳೆಲ್ಲ ಬಂದವು. ಎಟ್ಸಿಯ ಬೇಕಾದ ಫೈಲುಗಳು ಬಂದವು. ಅವುಗಳಲ್ಲಿ ಬಹಳ ಮುಖ್ಯವಾದದ್ದು, ಜಾಲದ ಮೂಲಕ ಟೇಪಿನಿಂದ ಮರಳಿ ತುಂಬುವ ಪ್ರೋಗ್ರಾಂ. ಪಕ್ಕದ ಮನೆಯ ಪಾತಾಳಗರಡಿ ಕೈಗೆ ಸಿಕ್ಕಿದಂತಾಯಿತು. ಅದರಿಂದ ಟೇಪಿನಲ್ಲಿದ್ದ ಡೆವ್ ಮರಳಿತು. ಯಂತ್ರ ಮೊದಲಿನಂತಾಯಿತು. ಪ್ರಬಂಧಗಳು ಅಷ್ಟೂ ಉಳಿದವು.

ವುಡಿ ಗೊಂಬೆಯ ಕಥೆ

‘ಇದು ಹಳೇ ಕಾಲದ್ದು’ ಎನ್ನುವ ಮೊಮ್ಮಕ್ಕಳಿಗೆ ಇನ್ನೊಂದು ಸಣ್ಣ ಕಥೆ. ‘ಟಾಯ್ ಸ್ಟೋರಿ 2’ ಸಿನಿಮಾ ನೋಡಿದ್ದೀರಾ? ಅದು ತೆರೆಗೆ ಬಂದದ್ದು 1999ರಲ್ಲಿ. ತಯಾರಾಗುತ್ತಿದ್ದ 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ಇದೇ ‘ಆರ್‌ಎಂ’ ಆಜ್ಞೆ ತಪ್ಪು ಜಾಗದಲ್ಲಿ ಓಡಿತು. ನೋಡನೋಡುತ್ತಿದ್ದಂತೆ ವುಡಿ ಗೊಂಬೆಯ ಫೈಲುಗಳು ಮಾಯವಾಗತೊಡಗಿದವು. ಯಂತ್ರವನ್ನು ನಿಲ್ಲಿಸುವ ಹೊತ್ತಿಗೆ ಸಿನಿಮಾದ ಬಹುಪಾಲು ಹೋಗಿತ್ತು.

ಬ್ಯಾಕಪ್ ಇತ್ತಲ್ಲ ಎಂದು ತೆಗೆದು ನೋಡಿದರೆ, ಅದು ಕೆಲವು ಕಾಲದಿಂದ ಸರಿಯಾಗಿ ನಡೆದೇ ಇರಲಿಲ್ಲ. ಯಾರೂ ಪರೀಕ್ಷಿಸಿರಲಿಲ್ಲ. 

ಕೊನೆಗೆ ಕೈಹಿಡಿದದ್ದು ಒಬ್ಬ ತಾಯಿ. ಚಿತ್ರದ ತಾಂತ್ರಿಕ ನಿರ್ದೇಶಕಿಯಾಗಿದ್ದ ಗ್ಯಾಲಿನ್ ಸಸ್‌ಮನ್ ಅವರಿಗೆ ಆಗ ಚಿಕ್ಕ ಮಗು. ಮನೆಯಿಂದಲೇ ಕೆಲಸ ಮಾಡಲೆಂದು ಅವರ ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಒಂದು ನಕಲು ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಬಾಣಂತಿಯನ್ನು ಕರೆತರುವ ಹಾಗೆ ಜೋಪಾನವಾಗಿ ಕಾರಿನಲ್ಲಿ ಸ್ಟುಡಿಯೋಕ್ಕೆ ತಂದರು. ಸಿನಿಮಾ ಉಳಿಯಿತು. ಮುಂದೆ ಆ ಕಥೆ ಚೆನ್ನಾಗಿಲ್ಲವೆಂದು ಬಹುಪಾಲು ಹೊಸದಾಗಿಯೇ ಮಾಡಿದರು, ಆ ಮಾತು ಬೇರೆ!

ನಮ್ಮ ಮನೆಯ ಲೆಕ್ಕ

ಈಗ ಅಜ್ಜ ಅಜ್ಜಿಯರ ಕಡೆಗೆ ತಿರುಗುತ್ತೇನೆ. ನಿಮ್ಮ ಮನೆಯಲ್ಲಿ ವ್ಯಾಕ್ಸ್ ಇಲ್ಲ. ಆದರೆ ಫೋನಿನಲ್ಲಿ ಮೊಮ್ಮಗುವಿನ ಮೊದಲ ಹೆಜ್ಜೆಯ ವಿಡಿಯೋ ಇದೆ. ತೀರಿಹೋದ ಹಿರಿಯರ ದನಿ ಇದೆ. ಮದುವೆಯ ಫೋಟೋ ಇದೆ. ಹಿಂದೆ ಟ್ರಂಕಿನ ತಳದಲ್ಲಿ ಇರುತ್ತಿದ್ದ ಸಂಪತ್ತೆಲ್ಲ ಈಗ ಅಂಗೈ ಅಗಲದ ಡಬ್ಬಿಯಲ್ಲಿದೆ. ಆ ಡಬ್ಬಿ ನೀರಿಗೆ ಬಿದ್ದರೆ?

ಕಂಪ್ಯೂಟರ್ ಕೆಲಸದವರು ಮೂರು-ಎರಡು-ಒಂದು ಎಂಬ ಸುಲಭದ ಸೂತ್ರ ಹೇಳುತ್ತಾರೆ. ಬೇಕಾದ ವಸ್ತುವಿನ ಪ್ರತಿ ಮೂರು ಇರಲಿ. ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ ಇರಲಿ. ಒಂದು ಪ್ರತಿ ಮನೆಯಿಂದ ಹೊರಗೆ, ಇನ್ನೊಂದು ಊರಿನಲ್ಲಿದ್ದರೆ ಇನ್ನೂ ಒಳ್ಳೆಯದು. ಫೋನಿನಲ್ಲಿ ಒಂದು, ಪೆನ್‌ಡ್ರೈವಿನಲ್ಲೋ ಹಾರ್ಡ್ ಡಿಸ್ಕಿನಲ್ಲೋ ಒಂದು, ಬೇರೆ ಊರಿನ ಮಗಳ ಮನೆಯಲ್ಲೋ ಜಾಲದ ಖಾತೆಯಲ್ಲೋ ಇನ್ನೊಂದು. 

ನಮ್ಮವರಿಗೆ ಇದು ಹೊಸ ವಿದ್ಯೆಯಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನ ಕವಿಯ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಆ ಕಾವ್ಯ ಇಂದಿಗೂ ನಮಗಿದೆ. ಅದೇ ಪೊನ್ನ ಬರೆದ ‘ಭುವನೈಕರಾಮಾಭ್ಯುದಯ’ ಸಿಕ್ಕಿಲ್ಲ. ಉಳಿವಿಗೆ ಪ್ರತಿಗಳ ಸಂಖ್ಯೆ ಒಂದೇ ಕಾರಣ ಎನ್ನಲಾರೆ. ಆದರೂ ಸಾವಿರ ಮನೆಯಲ್ಲಿ ಇರುವುದು ಒಂದೇ ಸಲಕ್ಕೆ ಅಳಿಯುವುದು ಕಷ್ಟ.

ಎರಡು ಎಚ್ಚರಿಕೆ ಹೇಳಬೇಕು. ಮೊದಲನೆಯದು, ಕನ್ನಡಿಯನ್ನು ನಕಲು ಎಂದುಕೊಳ್ಳಬೇಡಿ. ಫೋನಿನಲ್ಲಿ ಒಂದು ಫೋಟೋ ಅಳಿಸಿದರೆ ಜಾಲದ ಖಾತೆಯಲ್ಲಿಯೂ ಅದು ಅಳಿಸಿಹೋಗುವ ಏರ್ಪಾಟುಗಳಿವೆ. ನೀವು ಎದ್ದು ಹೋದರೆ ಕನ್ನಡಿಯೊಳಗಿನವರೂ ಎದ್ದು ಹೋಗುತ್ತಾರಲ್ಲ, ಹಾಗೆ. ಒಂದು ಪ್ರತಿಯಾದರೂ ಅದರಿಂದ ದೂರ, ತನ್ನ ಪಾಡಿಗೆ ತಾನು ಇರಬೇಕು.

ಎರಡನೆಯದು, ಪಾತಾಳಗರಡಿಯನ್ನು ಬಾವಿಯೊಳಗೇ ಇಡಬೇಡಿ. ನಿಮ್ಮ ಜಾಲದ ಖಾತೆಯ ಪಾಸ್‌ವರ್ಡ್ ಎಲ್ಲಿದೆ? ಫೋನಿನಲ್ಲಿ. ಮರೆತರೆ ಒಟಿಪಿ ಬರುವುದು ಎಲ್ಲಿಗೆ? ಅದೇ ಫೋನಿಗೆ. ಫೋನೇ ಕಳೆದರೆ? ಖಾತೆಯಲ್ಲಿ ಫೋಟೋ ಭದ್ರವಾಗಿದ್ದರೂ ನಿಮ್ಮ ಕೈಗೆ ಎಟುಕದು. ಹಾಗಾಗಿ ಪಾಸ್‌ವರ್ಡನ್ನು ಒಂದು ಕಾಗದದಲ್ಲಿ ಬರೆದು, ಮನೆಯ ಕಾಗದಪತ್ರ ಇಡುವ ಕಡೆ ಬೀಗ ಹಾಕಿಡಿ. ಖಾತೆಯನ್ನು ಮರಳಿ ಪಡೆಯಲು ನೆರವಾಗುವ ಎರಡನೆಯ ಫೋನ್ ನಂಬರಾಗಿ ಮಗನದೋ ಮಗಳದೋ ನಂಬರನ್ನು ಸೇರಿಸಿ. ಪಾಸ್‌ವರ್ಡನ್ನಾಗಲಿ ಒಟಿಪಿಯನ್ನಾಗಲಿ ಹೊರಗಿನವರು ಕರೆ ಮಾಡಿ ಕೇಳಿದರೆ ಮಾತ್ರ ಕೊಡಲೇಬೇಡಿ.

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಬೇಡ

ಮ್ಯಾಂಚೆಸ್ಟರಿನವರಿಗೆ ಇನ್ನೊಂದು ದಾರಿಯೂ ಇತ್ತು. ಯಂತ್ರವನ್ನು ಮೊದಲಿನಿಂದ ಎಬ್ಬಿಸುವ ಟೇಪು ಅವರಲ್ಲಿತ್ತು. ಆದರೆ ಅದನ್ನು ಹಾಕಿದರೆ ಮೊದಲಿಗೇ ಡಿಸ್ಕನ್ನು ಪೂರ್ತಿ ಒರೆಸಿಬಿಡುತ್ತದೋ ಏನೋ ಎಂಬ ಭಯ. ಅಲ್ಲಿದ್ದ ಮೇಲ್ವಿಚಾರಕರಾಗಲಿ ಆ ಯುವಕನಾಗಲಿ ಅದನ್ನು ಹಿಂದೆ ಒಮ್ಮೆಯೂ ಮಾಡಿ ನೋಡಿರಲಿಲ್ಲ. ಪಿಕ್ಸಾರಿನಲ್ಲಿ ನಕಲನ್ನು ಪರೀಕ್ಷಿಸಿರಲಿಲ್ಲ. ಎರಡು ಕಡೆಯೂ ಕೊರತೆ ಒಂದೇ: ಸಾಧನ ಇತ್ತು, ಅಭ್ಯಾಸ ಇರಲಿಲ್ಲ.

ಅದಕ್ಕೆ ನಾನು ಕೆಲಸದಲ್ಲಿದ್ದಾಗ ಒಂದು ರೂಢಿ ಇಟ್ಟುಕೊಂಡಿದ್ದೆ. ಏನೂ ಆಪತ್ತಿಲ್ಲದ ದಿನ, ಕಣ್ಣುಮುಚ್ಚಿ ಒಂದು ಫೈಲು ಆರಿಸಿ, ಟೇಪಿನಿಂದ ಅದನ್ನು ಮರಳಿ ತರಿಸುತ್ತಿದ್ದೆ. ಬಂದರೆ ಸಮಾಧಾನ. ಬಾರದಿದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಸರಿಪಡಿಸಲು ಸಮಯ ಇರುತ್ತಿತ್ತು. ಮರಳಿ ತಂದು ನೋಡದ ನಕಲು ಬರೀ ಆಸೆ, ಆಸ್ತಿಯಲ್ಲ.

ಆ ಯುವಕನ ಬಗ್ಗೆಯೂ ಒಂದು ಮಾತು. ಅವನನ್ನು ಬೈಯುತ್ತಾ ಕೂತಿದ್ದರೆ ಎಲ್ಲರ ಗಮನ ಚದುರುತ್ತಿತ್ತು. ಅವನು ಗಾಬರಿಯಲ್ಲಿ ತನ್ನ ಪರದೆಯನ್ನು ಮುಚ್ಚಿ ಎದ್ದು ಹೋಗಿದ್ದರೆ ಆ ಕೊನೆಯ ಅಧಿಕಾರವೂ ಕೈತಪ್ಪುತ್ತಿತ್ತು. ಮನೆಯಲ್ಲಿ ಮೊಮ್ಮಗ ತಾತನ ಫೋನಿನಲ್ಲಿ ಏನನ್ನೋ ಅಳಿಸಿಬಿಟ್ಟರೆ, ತಾತಂದಿರೇ, ಮೊದಲು ‘ಏನು ಒತ್ತಿದೆ, ಹೇಳು ಮರಿ’ ಎಂದು ಸಮಾಧಾನವಾಗಿ ಕೇಳಿ. ಹೆದರಿದ ಮಗು ಮುಚ್ಚಿಡುತ್ತದೆ. ಮುಚ್ಚಿಟ್ಟಷ್ಟು ಹೊತ್ತೂ ಮರಳಿ ಸಿಗುವ ಸಂಭವ ಕಡಿಮೆಯಾಗುತ್ತದೆ.

ಈ ಭಾನುವಾರ ಇಬ್ಬರೂ ಸೇರಿ ಮಾಡುವ ಕೆಲಸ ಇಷ್ಟು. ಮೊಮ್ಮಕ್ಕಳು ತಾತನ ಫೋನಿನಿಂದ ಮನೆಯವರಿಗೆಲ್ಲ ಬೇಕಾದ ಹತ್ತು ಫೋಟೋಗಳನ್ನು ತಾತನಿಂದಲೇ ಆರಿಸಿಸಿ, ಎರಡು ಕಡೆ ನಕಲು ಮಾಡಿ. ಆಮೇಲೆ ಆ ನಕಲನ್ನು ಬೇರೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ತೆರೆದು, ಹತ್ತೂ ಕಾಣುತ್ತವೆಯೇ ಎಂದು ಎಣಿಸಿ. ಪ್ರತಿ ಫೋಟೋದಲ್ಲಿ ಯಾರಿದ್ದಾರೆ, ಯಾವ ಊರು, ಯಾವ ವರ್ಷ ಎಂದು ಅಜ್ಜಿ ಹೇಳಲಿ, ನೀವು ಬರೆದುಕೊಳ್ಳಿ. ಫೋಟೋ ಉಳಿದು ಹೆಸರು ಮರೆತರೆ ಅರ್ಧವೇ ಉಳಿದಂತೆ. ಅಜ್ಜಿಯ ತಲೆಯಲ್ಲಿರುವ ಆ ಹೆಸರುಗಳಿಗೆ ಈವರೆಗೆ ಇರುವುದು ಒಂದೇ ಪ್ರತಿ.